ಟಾರ್ಚಿನ ಕರಿ ಉಂಗುರ

ಟಾರ್ಚು ಕೊಳ್ಳುವಾಗ ನಾವು ಕೇಳುವುದು ಎಷ್ಟು ಬೆಳಕು, ಎಷ್ಟು ದೂರ, ಎಷ್ಟು ಹೊತ್ತು ಎಂದು. ಸೆಲ್ಲು ಹಾಕುವ ಮುಚ್ಚಳವನ್ನು ತಿರುಗಿಸಿ ತೆಗೆದರೆ ಥ್ರೆಡ್ಡಿನ ಪಕ್ಕದ ಸಣ್ಣ ಕೊರೆತದಲ್ಲಿ ಒಂದು ರಬ್ಬರ್ ಉಂಗುರ ಕೂತಿರುತ್ತದೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಅಂಗಡಿಯವನಿಗೆ ಅದು ವಾಷರ್, ಎಂಜಿನಿಯರಿಗೆ ಓ-ರಿಂಗ್. ಡೆನ್ಮಾರ್ಕಿನಿಂದ ಅಮೆರಿಕಕ್ಕೆ ಹೋಗಿ ಬ್ರೇಕುಗಳ ಮೇಲೆ ಕೆಲಸ ಮಾಡಿದ ನೀಲ್ಸ್ ಕ್ರಿಸ್ಟೆನ್‌ಸೆನ್‌ಗೆ ಇದರ ಪೇಟೆಂಟ್ ಸಿಕ್ಕಿದ್ದು 1939ರಲ್ಲಿ.

ನಾನು ಓದುತ್ತಿರುವುದು ಕಪ್ಪೆಗಳ ಬಗ್ಗೆ. ಪಶ್ಚಿಮಘಟ್ಟದಲ್ಲಿ ಅವುಗಳನ್ನು ಹುಡುಕಬೇಕಾದದ್ದು ಮಳೆಗಾಲದ ರಾತ್ರಿ, ಹಳ್ಳದ ದಂಡೆಯಲ್ಲಿ. ಮುಂಗಾಲಿನಿಂದ ಕೆಸರೆತ್ತಿ ಮೊಟ್ಟೆಗಳಿಗೆ ಮೆತ್ತುವ ಕುಂಬಾರ ಕಪ್ಪೆ ಉತ್ತರ ಕನ್ನಡದ ಕಾಡಿನಲ್ಲೇ ಇದ್ದರೂ ಅದು ಹೊಸ ಪ್ರಭೇದವೆಂದು ವಿಜ್ಞಾನದ ಲೆಕ್ಕಕ್ಕೆ ಸೇರಿದ್ದು 2014ರಲ್ಲಿ. ಇಂಥ ಜೀವಗಳ ಬದುಕು ನಡೆಯುವುದೇ ಕತ್ತಲಲ್ಲಿ. ನಮಗಿರುವುದು ಕೈಯಲ್ಲಿರುವಷ್ಟೇ ಬೆಳಕು.

ಮೂರನೇ ವರ್ಷದ ಜುಲೈನಲ್ಲಿ ಒಂದು ರಾತ್ರಿ ಟಾರ್ಚಿನ ಗಾಜಿನೊಳಗೆ ಆವಿ ಕಟ್ಟಿತು. ಬೆಳಕು ಮಜ್ಜಿಗೆಯಂತೆ ತೆಳ್ಳಗಾಯಿತು, ಎರಡು ಸಲ ಮಿಣುಕಿ ಆರಿಹೋಯಿತು. ನನ್ನ ಹಿಂದೆ ಬರುತ್ತಿದ್ದವರು ಆ ಊರಿನವರೇ. ನಾನವರನ್ನು ಅಣ್ಣ ಎನ್ನುತ್ತೇನೆ. "ಅಲ್ಲಾಡ್ಬೇಡಿ ಮಾರಾಯ್ರೆ, ನಿಂತಲ್ಲೇ ನಿಲ್ಲಿ" ಎಂದರು. ಹಳ್ಳದ ಬದಿಯ ಗಿಡಗಳಲ್ಲಿ ಮೊಣಕಾಲೆತ್ತರಕ್ಕೆ ಗುಳಿಮಂಡಲ ಹಾವು ಸುತ್ತಿ ಕೂತಿರುತ್ತದೆ. ಬೆಳಕಿದ್ದರೆ ಪಕ್ಕಕ್ಕೆ ಸರಿದು ಹೋಗುತ್ತೇವೆ, ಅಷ್ಟೇ. ಬೆಳಕಿಲ್ಲದಿದ್ದರೆ ಅದು ನನ್ನೊಬ್ಬರ ಕಾಲಿನ ಪ್ರಶ್ನೆಯಲ್ಲ, ಹಿಂದಿರುವವರ ಕಾಲಿನದ್ದೂ ಹೌದು.

ಮರುದಿನ ಬಿಚ್ಚಿ ನೋಡಿದರೆ ಟಾರ್ಚಿನ ಜೊತೆಗೇ ಬಂದಿದ್ದ ಸಿಲಿಕೋನ್ ಉಂಗುರದಲ್ಲಿ ಉಗುರಿನಂಚಿನಷ್ಟು ಸೀಳು. ಯಾವ ರಬ್ಬರು ಸರಿ ಎಂದು ನಾನು ಓದತೊಡಗಿದ್ದು ಆಮೇಲೆ.

ಉಂಗುರದ ದಪ್ಪ ಅದು ಕೂರುವ ಕೊರೆತದ ಆಳಕ್ಕಿಂತ ತುಸು ಹೆಚ್ಚಿರುತ್ತದೆ. ಮುಚ್ಚಳ ಹಾಕಿದಾಗ ಅದು ಅಮುಕಿಕೊಳ್ಳುತ್ತದೆ, ಮತ್ತೆ ಗುಂಡಗಾಗಲು ಹವಣಿಸುತ್ತದೆ. ನೀರು ಹೊರಗುಳಿಯುವುದು ಆ ಹವಣಿಕೆಯಿಂದ. ವರ್ಷಗಟ್ಟಲೆ ಅಮುಕಿಸಿಕೊಂಡು ಚಪ್ಪಟೆಯಾಗಿಯೇ ಉಳಿದ ಉಂಗುರ ನೋಡಲು ಇಡಿಯಾಗಿದ್ದರೂ ಕೆಲಸ ಬಿಟ್ಟಂತೆ.

ರಬ್ಬರುಗಳ ಪಟ್ಟಿ ನೋಡಿದರೆ ದುಬಾರಿಯದ್ದೇ ಉತ್ತಮ ಅನ್ನಿಸುತ್ತದೆ. ಸಿಲಿಕೋನ್ ಸುಮಾರು ಮೈನಸ್ 60 ಡಿಗ್ರಿಯಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಮೆತ್ತಗೇ ಇರುತ್ತದೆ. ವೈಟಾನ್ ಎಂದು ಕರೆಸಿಕೊಳ್ಳುವ ಫ್ಲೋರಿನ್ ರಬ್ಬರು ಬಿಸಿಗೂ ಎಣ್ಣೆಗೂ ಜಗ್ಗುವುದಿಲ್ಲ. ಇಪಿಡಿಎಂ ಬಿಸಿಲು, ನೀರು, ಹಬೆ ಮೂರನ್ನೂ ತಡೆದುಕೊಳ್ಳುತ್ತದೆ. ಇವುಗಳ ನಡುವೆ ಸಾದಾ ಕರಿಯ ನೈಟ್ರೈಲ್ ಬಡಪಾಯಿ. ಅದರ ಮಿತಿ ಸುಮಾರು 100 ಡಿಗ್ರಿ. ಬಿಸಿಲಿಗೆ, ಓಝೋನಿಗೆ ಬಿರುಕು ಬಿಡುತ್ತದೆ.

ಆದರೆ ಮಳೆಗಾಲದ ಹಳ್ಳದಲ್ಲಿ ಇನ್ನೂರು ಡಿಗ್ರಿ ಎಲ್ಲಿದೆ? ಅಲ್ಲಿರುವುದು ಮರಳು, ಕೆಸರು ಮತ್ತು ಸೆಲ್ಲು ಬದಲಿಸಲು ದಿನವೂ ಬಿಚ್ಚಿ ಹಾಕುವ ಮುಚ್ಚಳ. ಪ್ರತಿ ತಿರುವಿಗೂ ಉಂಗುರ ಲೋಹಕ್ಕೆ ಉಜ್ಜುತ್ತದೆ. ಸಿಲಿಕೋನ್ ಸೋಲುವುದು ಇಲ್ಲೇ. ಉಜ್ಜಿದರೆ ಸವೆಯುತ್ತದೆ, ಒಂದು ಗೀರು ಬಿದ್ದರೆ ಹರಿಯುತ್ತದೆ. ಒಮ್ಮೆ ಕೂರಿಸಿ ಮತ್ತೆ ಮುಟ್ಟದ ಗಾಜಿನ ಕಡೆಗಾದರೆ ಅದು ಸರಿಯೇ. ಉಜ್ಜಾಟಕ್ಕೆ ನೈಟ್ರೈಲ್ ಗಟ್ಟಿ. ಅದನ್ನು ಕಾಡುವ ಬಿಸಿಲು ಮುಚ್ಚಳದೊಳಗೆ ಬೀಳುವುದೇ ಇಲ್ಲ.

ಸವರುವ ಗ್ರೀಸೂ ಇಷ್ಟೇ ಮುಖ್ಯ. ಮನೆಯಲ್ಲಿರುವ ಪೆಟ್ರೋಲಿಯಂ ಜೆಲ್ಲಿಯನ್ನು ಇಪಿಡಿಎಂಗೆ ಹಚ್ಚಿದರೆ ಅದು ಊದಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸಿಗೆ ಸಿಲಿಕೋನ್ ಉಂಗುರವೇ ಉಬ್ಬುತ್ತದೆ. ನೈಟ್ರೈಲಿಗೆ ಎರಡೂ ಆಗುತ್ತವೆ. ಕಾಡಿನಂಚಿನ ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ಹಚ್ಚುವವರಿಗೆ ಇದು ಸಣ್ಣ ಸಮಾಧಾನವಲ್ಲ.

ದುಬಾರಿ ರಬ್ಬರೂ ಜಾಗ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಜಗತ್ತೇ ನೋಡಿದ ಸಾಕ್ಷಿಯಿದೆ. 1986ರ ಜನವರಿ 28ರಂದು ಚಾಲೆಂಜರ್ ನೌಕೆ ಹಾರಿದ 73 ಸೆಕೆಂಡಿಗೆ ಒಡೆದು ಏಳು ಮಂದಿ ಸತ್ತರು. ರಾಕೆಟ್ಟಿನ ಕೀಲುಗಳಲ್ಲಿದ್ದ ಓ-ರಿಂಗುಗಳು ವೈಟಾನಿನವು. ಬೆಂಕಿಯ ಬಿಸಿಯನ್ನು ನೆನೆದು ಆರಿಸಿದ ರಬ್ಬರದು. ಆ ಬೆಳಗಿನ ಚಳಿಗೆ ಅದು ಪೆಡಸಾಗಿತ್ತು. ತನಿಖೆಯ ಸಭೆಯಲ್ಲಿ ರಿಚರ್ಡ್ ಫೈನ್‌ಮನ್ ಆ ರಬ್ಬರಿನ ತುಂಡನ್ನು ಕ್ಲಾಂಪಿನಲ್ಲಿ ಹಿಚುಕಿ ಐಸ್ ನೀರಿನಲ್ಲಿ ಅದ್ದಿ ತೆಗೆದು ತೋರಿಸಿದರು. ಹಿಡಿತ ಬಿಟ್ಟರೂ ಅದು ಕೂಡಲೇ ಮೊದಲಿನ ಆಕಾರಕ್ಕೆ ಬರಲಿಲ್ಲ. ಎಂಜಿನಿಯರುಗಳು ಹಿಂದಿನ ರಾತ್ರಿಯೇ ಚಳಿಯ ಬಗ್ಗೆ ಎಚ್ಚರಿಸಿದ್ದರು. ಅವರ ಮಾತಿಗೆ ಬೆಲೆ ಸಿಗಲಿಲ್ಲ.

ನನ್ನದು ಅಷ್ಟು ದೊಡ್ಡ ಲೆಕ್ಕವಲ್ಲ. ಆದರೂ ಮೂವರ ತಂಡಕ್ಕೆ ಟಾರ್ಚು ಹೊಂದಿಸುವವರು ಈಗ ನಾನೇ. ಮಳೆಗಾಲಕ್ಕೆ ಮುಂಚೆ ಪಂಪ್‌ಸೆಟ್ಟು ರಿಪೇರಿಯ ಅಂಗಡಿಯಲ್ಲಿ ಅಳತೆ ಹೊಂದಿಸಿ ನೈಟ್ರೈಲ್ ಉಂಗುರಗಳನ್ನು ತರುತ್ತೇನೆ. ಒಂದಕ್ಕೆ ಒಂದು ಟೀಯಷ್ಟೂ ಆಗುವುದಿಲ್ಲ. ಹಳೆಯದನ್ನು ತೆಗೆದು, ಕೊರೆತದ ಮರಳು ಒರೆಸಿ, ಹೊಸದಕ್ಕೆ ತೆಳ್ಳಗೆ ಗ್ರೀಸು ಸವರಿ ಕೂರಿಸುತ್ತೇನೆ. ನಾಳೆ ನನ್ನ ಮಹಾಪ್ರಬಂಧದಲ್ಲಿ "ರಾತ್ರಿ ಟಾರ್ಚಿನ ಬೆಳಕಿನಲ್ಲಿ ಎಣಿಸಲಾಯಿತು" ಎಂಬ ಒಂದು ಸಾಲು ಇರುತ್ತದೆ. ಓದುವವರು ಅದನ್ನು ದಾಟಿ ಕಪ್ಪೆಗಳ ಲೆಕ್ಕಕ್ಕೆ ಹೋಗುತ್ತಾರೆ. ಹೋಗಲಿ. ಅಣ್ಣ ಮಾತ್ರ ಹಳ್ಳಕ್ಕಿಳಿಯುವ ಮುಂಚೆ ಕೇಳುತ್ತಾರೆ, "ಉಂಗುರ ನೋಡಿದ್ರಾ?"