ದನಿ ಮುಂದೆ, ಮುಖ ಹಿಂದೆ

ಮನೆಯ ಯಂತ್ರವೊಂದು ಕೆಟ್ಟಿತೆಂದರೆ ಮನೆಮಂದಿಯೆಲ್ಲ ವೈದ್ಯರಾಗಿಬಿಡುತ್ತಾರೆ. ಒಬ್ಬರು ತಟ್ಟುತ್ತಾರೆ, ಇನ್ನೊಬ್ಬರು ಅಲುಗಿಸುತ್ತಾರೆ, ಮೂರನೆಯವರು ‘ಆ ಅಂಗಡಿಯಲ್ಲಿ ಕೊಳ್ಳುವುದು ಬೇಡವೆಂದು ಅಂದೇ ಹೇಳಿದ್ದೆ’ ಎನ್ನುತ್ತಾರೆ. ಆದರೆ ಯಂತ್ರವು ಕೆಡದೆಯೇ ಕೆಟ್ಟಂತೆ ತೋರುವುದೂ ಉಂಟು. ಆಗ ಚಿಕಿತ್ಸೆ ಕಠಿಣ. ಮೈಸೂರಿನ ಸರಸ್ವತೀಪುರಂನ ಮನೆಯೊಂದರಲ್ಲಿ ನಡೆದದ್ದು ಇಂಥದೇ ಪ್ರಸಂಗ.

ಮನೆಯ ಯಜಮಾನರು ನಿವೃತ್ತ ಹೈಸ್ಕೂಲು ಮೇಷ್ಟರು. ಅವರಿಗೆ ಒಬ್ಬಳೇ ಮಗಳು. ಅವಳು ಎಂಜಿನಿಯರಿಂಗ್ ಓದುತ್ತಿದ್ದಾಗ, ೨೦೧೨ರಲ್ಲಿ, ಕೊಂಡ ಕಂಪ್ಯೂಟರು ಇಂದಿಗೂ ಹಜಾರದ ಮೂಲೆಯಲ್ಲಿ ಕಸೂತಿಯ ಹೊದಿಕೆ ಹೊದ್ದು ಕುಳಿತಿದೆ. ಮಗಳು ಓದು ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಹೋದಳು. ಕಂಪ್ಯೂಟರು ಮಾತ್ರ ಮನೆಯಲ್ಲೇ ಉಳಿಯಿತು.

ಮೇಷ್ಟರ ಮಡದಿಗೆ ಕಿವಿ ಕೇಳಿಸದು. ಹುಟ್ಟಿನಿಂದ ಬಂದದ್ದಲ್ಲ, ಐವತ್ತು ದಾಟಿದ ಮೇಲೆ ಶಬ್ದವು ಒಂದೊಂದೇ ಮೆಟ್ಟಿಲು ಇಳಿದು ಹೋಯಿತು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಿ ಶ್ರವಣಯಂತ್ರವನ್ನೂ ಹಾಕಿಸಿದ್ದಾಯಿತು. ಅದರಿಂದ ಆಕೆಗೆ ಬಾಗಿಲ ಗಂಟೆ ಕೇಳಿಸುತ್ತದೆ, ಕುಕ್ಕರಿನ ಸೀಟಿ ಕೇಳಿಸುತ್ತದೆ. ಮಾತು ಮಾತ್ರ ಗೊಂದಲವಾಗಿ ಬಂದು ತಲುಪುತ್ತದೆ. ಆದ್ದರಿಂದ ಆಕೆ ಮಾತನ್ನು ಕೇಳುವುದಕ್ಕಿಂತ ಹೆಚ್ಚಾಗಿ ನೋಡುತ್ತಾರೆ. ಎದುರಿನವರ ತುಟಿ, ಕೆನ್ನೆ, ಹುಬ್ಬು ಇವೇ ಆಕೆಯ ಅಕ್ಷರಮಾಲೆ. ಇದು ಸುಲಭದ ವಿದ್ಯೆಯೇನಲ್ಲ. ಪ, ಬ, ಮ ಮೂರಕ್ಕೂ ತುಟಿ ಮುಚ್ಚಿ ತೆರೆಯುವ ರೀತಿ ಒಂದೇ. ‘ಪಾಪ’ ಎಂದರೂ ‘ಮಾಮ’ ಎಂದರೂ ನೋಡುವವರಿಗೆ ಭೇದ ಕಾಣದು. ಹಿಂದುಮುಂದಿನ ಮಾತಿನಿಂದಲೇ ಊಹಿಸಿಕೊಳ್ಳಬೇಕು. ನಾಲ್ವರು ಕೂಡಿ ಹರಟುವಲ್ಲಿ ಆಕೆ ನಗುವುದು ಯಾವಾಗಲೂ ಉಳಿದವರು ನಕ್ಕಮೇಲೆ.

ಮೊಬೈಲಿನ ಪುಟ್ಟ ಪರದೆಯಲ್ಲಿ, ನಡುನಡುವೆ ತಡೆಯುವ ಕರೆಯಲ್ಲಿ ಮಗಳ ತುಟಿಯನ್ನು ಓದುವುದು ಆಕೆಗೆ ಸಾಧ್ಯವಾಗುತ್ತಿರಲಿಲ್ಲ. ಇದನ್ನರಿತ ಮಗಳು ಪ್ರತಿ ಭಾನುವಾರ ಕ್ಯಾಮೆರಾದ ಮುಂದೆ ಕುಳಿತು, ನಿಧಾನವಾಗಿ ಮಾತನಾಡಿ, ಆ ವಿಡಿಯೊವನ್ನು ಕಳುಹಿಸುವ ಪದ್ಧತಿಯಿಟ್ಟುಕೊಂಡಳು. ತಾಯಿ ಅದನ್ನು ಕಂಪ್ಯೂಟರಿನ ದೊಡ್ಡ ಪರದೆಯಲ್ಲಿ ನಿಲ್ಲಿಸಿ, ಹಿಂದಕ್ಕೆ ತಿರುಗಿಸಿ, ಮತ್ತೆ ನೋಡುವರು. ಉತ್ತರವನ್ನು ಬರೆದು ಕಳುಹಿಸುವರು. ವಾರಕ್ಕೊಮ್ಮೆ ತಾಯಿಮಗಳು ಹೀಗೆ ಸಂಧಿಸುತ್ತಿದ್ದರು.

ಒಂದು ಭಾನುವಾರ ಬಂದ ವಿಡಿಯೊ ಆಡಲೊಲ್ಲದಾಯಿತು. ಮಗಳ ಮುಖ ಮೂಡಿತು, ಬಾಯಿ ಅರ್ಧ ತೆರೆಯಿತು, ಹಾಗೆಯೇ ನಿಂತಿತು. ಒಂದು ಕ್ಷಣ ಕಳೆದು ನೋಡಿದರೆ ತಲೆ ಆಚೆಗೆ ಹೊರಳಿದೆ, ಕೈ ಮೇಲಕ್ಕೆ ಬಂದಿದೆ. ನಡುವಣ ಮಾತುಗಳು ಎಲ್ಲಿ ಹೋದವೋ! ಮೇಷ್ಟರು ಪಕ್ಕದಲ್ಲಿ ಕುಳಿತು ತಲೆದೂಗುತ್ತ, “ಚೆನ್ನಾಗಿಯೇ ಕೇಳಿಸುತ್ತಿದೆಯಲ್ಲ” ಎಂದರು. ಅಂದ ಮೇಲೆ ನಾಲಗೆ ಕಚ್ಚಿಕೊಂಡರು.

ಮಡದಿ ಅವರತ್ತ ತಿರುಗಿ, “ಏನಂದಳು?” ಎಂದರು.

“ಸಂತೋಷದ ಸುದ್ದಿ. ಐದು ತಿಂಗಳಂತೆ. ಆರೋಗ್ಯವಾಗಿದ್ದಾಳೆ. ಅಲ್ಲಿ ಎಲ್ಲ ಅನುಕೂಲವೂ ಇದೆಯಂತೆ, ನೀನು ಅಷ್ಟು ದೂರ ಬರುವುದು ಬೇಡವಂತೆ.”

ಆಕೆಯ ಕಣ್ಣು ತುಂಬಿತು. ತುಸು ಹೊತ್ತಿನ ಮೇಲೆ, “ಏನಂದಳೆಂದು ನೀವು ಹೇಳಿದಿರಿ. ಹೇಗೆ ಅಂದಳೆಂದು ನಾನು ನೋಡಬೇಕು” ಎಂದರು.

ದನಿ ನಿರಾತಂಕವಾಗಿ ಹರಿದು, ಚಿತ್ರವು ಮಾತ್ರ ಕುಂಟುವುದು ಆಕಸ್ಮಿಕವಲ್ಲ. ವಿಡಿಯೊ ತೋರಿಸುವ ತಂತ್ರಾಂಶಗಳು ಸಾಮಾನ್ಯವಾಗಿ ದನಿಯನ್ನೇ ಗಡಿಯಾರವೆಂದು ನಂಬಿ ನಡೆಯುತ್ತವೆ. ದನಿ ಒಂದಿಷ್ಟು ಕಡಿದರೂ ಕಿವಿ ಸಹಿಸದು; ಒಂದೆರಡು ಚಿತ್ರ ತಪ್ಪಿದರೆ ಕಣ್ಣು ಕ್ಷಮಿಸುತ್ತದೆ. ಆದ್ದರಿಂದ ಚಿತ್ರವು ತಡವಾದಾಗ ತಂತ್ರಾಂಶವು ತಡವಾದವುಗಳನ್ನು ಎಸೆದು, ಓಡಿಹೋಗಿ ದನಿಯನ್ನು ಕೂಡಿಕೊಳ್ಳುತ್ತದೆ. ಏರ್ಪಾಡೇನೋ ಜಾಣತನದ್ದೇ. ಆದರೆ ಅದು ಕಿವಿಯುಳ್ಳವರಿಗಾಗಿ ಮಾಡಿದ ಏರ್ಪಾಡು.

ಮೇಷ್ಟರು ಮೊದಲು ಇಂಟರ್ನೆಟ್ಟಿನವರನ್ನು ಬೈದರು. ಮರುದಿನ ಪೇಟೆಯ ಅಂಗಡಿಯಲ್ಲಿ ವಿಚಾರಿಸಿದರು. ಅಂಗಡಿಯಾತ ಯಂತ್ರದ ವಯಸ್ಸು ಕೇಳಿದನೇ ಹೊರತು ಕಾಯಿಲೆಯನ್ನು ಕೇಳಲಿಲ್ಲ. “ಹೊಸದು ತೆಗೆದುಕೊಳ್ಳಿ ಸಾರ್” ಎಂದುಬಿಟ್ಟನು. ಪಿಂಚಣಿಯ ಲೆಕ್ಕ ಬಲ್ಲ ಮೇಷ್ಟರು ಕೊಡೆ ಬಿಚ್ಚಿಕೊಂಡು ಹಿಂದಿರುಗಿದರು.

ಸಂಜೆ ಪಕ್ಕದ ಮನೆಯ ಹುಡುಗ ಬಂದನು; ಎಂಜಿನಿಯರಿಂಗ್ ಮೂರನೆಯ ವರ್ಷದವನು. ಆತ ಒಂದೊಂದಾಗಿ ಪರೀಕ್ಷಿಸತೊಡಗಿದನು. “ಇಂಟರ್ನೆಟ್ಟಿನ ತಪ್ಪಲ್ಲ ತಾತ. ನೇರವಾಗಿ ಅಲ್ಲಿಂದಲೇ ನೋಡುತ್ತಿದ್ದರೆ ಆ ಮಾತು ಸರಿ. ಇದು ಪೂರ್ತಿಯಾಗಿ ಇಳಿದು ನಮ್ಮ ಡಿಸ್ಕಿನಲ್ಲೇ ಕುಳಿತಿದೆ” ಎಂದನು. ತೆರೆದಿದ್ದ ಬೇರೆ ಕೆಲಸಗಳನ್ನೆಲ್ಲ ಮುಚ್ಚಿ ಯಂತ್ರವನ್ನು ಮತ್ತೆ ಚಾಲೂ ಮಾಡಿದನು. ಪೆಟ್ಟಿಗೆ ಬಿಚ್ಚಿ, ಫ್ಯಾನಿಗೆ ಮೆತ್ತಿದ್ದ ಧೂಳನ್ನು ಮೃದುವಾದ ಕುಂಚದಿಂದ ತೆಗೆದನು. ಕಾವೇರಿದರೆ ಪ್ರೊಸೆಸರು ಸುಟ್ಟುಹೋಗದಿರಲೆಂದು ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದಂತೆ. ಪರದೆಗೆ ಚಿತ್ರ ಒದಗಿಸುವ ಭಾಗಕ್ಕೆ ಸರಿಯಾದ ಡ್ರೈವರ್ ಇದೆಯೇ ಎಂದು ನೋಡಿದನು. ಎಲ್ಲವೂ ಸರಿಯಾಗಿತ್ತು. ವಿಡಿಯೊ ಮಾತ್ರ ಮೊದಲಿನಂತೆಯೇ ಕುಂಟಿತು.

ಇಷ್ಟು ಹೊತ್ತೂ ಮೌನವಾಗಿ ನೋಡುತ್ತಿದ್ದ ಮೇಷ್ಟರ ಮಡದಿ ಎದ್ದು ಬಂದು, ತಾವೇ ಮೌಸು ಹಿಡಿದು ಹೋದ ತಿಂಗಳ ಭಾನುವಾರದ ವಿಡಿಯೊ ತೆರೆದರು. ಅದು ನೀರಿನಂತೆ ಹರಿಯಿತು. ಇನ್ನೊಂದನ್ನು ತೆರೆದರು. ಅದೂ ಹರಿಯಿತು. “ಯಂತ್ರ ಅದೇ, ಕುರ್ಚಿ ಅದೇ, ನಾನೂ ಅದೇ. ಬದಲಾದದ್ದು ಅವಳ ಕಡೆಯದು” ಎಂದರು.

ಹುಡುಗ ಬೆರಗಾಗಿ ಎರಡು ವಿಡಿಯೊಗಳ ವಿವರಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದನು. ಹಳೆಯದರ ಒಂದೊಂದು ಚಿತ್ರದಲ್ಲಿ ೧,೯೨೦ಕ್ಕೆ ೧,೦೮೦ ಚುಕ್ಕೆಗಳು, ಕ್ಷಣಕ್ಕೆ ಮೂವತ್ತು ಚಿತ್ರ. ಹೊಸದರಲ್ಲಿ ೩,೮೪೦ಕ್ಕೆ ೨,೧೬೦, ಕ್ಷಣಕ್ಕೆ ಅರವತ್ತು. ಎಂದರೆ ಅದೇ ಒಂದು ಕ್ಷಣದಲ್ಲಿ ಎಂಟರಷ್ಟು ಚುಕ್ಕೆಗಳ ಹೊರೆ. ಮಗಳು ಹೊಸ ಮೊಬೈಲು ಕೊಂಡಿದ್ದಳು. ಅಮ್ಮನಿಗೆ ತುಟಿ ಇನ್ನೂ ಸ್ಪಷ್ಟವಾಗಿ ಕಾಣಲೆಂದು ಅದರ ಅತ್ಯುತ್ತಮ ಮಟ್ಟವನ್ನೇ ಆರಿಸಿದ್ದಳು. ಅವಳ ಪ್ರೀತಿಯೇ ಹೊರೆಯಾಗಿತ್ತು!

ಇನ್ನೊಂದು ಕಾರಣವೂ ಇತ್ತು. ವಿಡಿಯೊದಲ್ಲಿ ಪ್ರತಿಯೊಂದು ಚಿತ್ರವನ್ನೂ ಇಡಿಯಾಗಿ ಶೇಖರಿಸುವುದಿಲ್ಲ. ಅಗಸನ ಲೆಕ್ಕದ ಪುಸ್ತಕದಂತೆ ಒಮ್ಮೆ ಪೂರ್ತಿ ಬರೆದು, ಅಲ್ಲಿಂದ ಮುಂದೆ ಬದಲಾದದ್ದನ್ನಷ್ಟೇ ಗುರುತು ಮಾಡಿಕೊಳ್ಳುತ್ತಾರೆ. ತೋರಿಸುವ ಯಂತ್ರವು ಆ ಗುರುತುಗಳನ್ನು ಬಿಡಿಸಿ ಮತ್ತೆ ಚಿತ್ರ ಕಟ್ಟಬೇಕು. ಹಳೆಯ ವಿಡಿಯೊಗಳು ೨೦೦೩ರಲ್ಲಿ ಸಿದ್ಧವಾದ ಎಚ್.೨೬೪ ಎಂಬ ಲಿಪಿಯವು. ಅದನ್ನು ಬಿಡಿಸಲೆಂದೇ ಆ ಕಂಪ್ಯೂಟರಿನೊಳಗೆ ಪ್ರತ್ಯೇಕ ವ್ಯವಸ್ಥೆಯಿತ್ತು. ಹೊಸದು ೨೦೧೩ರಲ್ಲಿ ಬಂದ ಎಚ್.೨೬೫ರಲ್ಲಿತ್ತು. ಅದು ಕಡಿಮೆ ಜಾಗದಲ್ಲಿ ಹೆಚ್ಚು ತುಂಬುತ್ತದೆ. ಬಿಡಿಸುವ ಲೆಕ್ಕವೂ ಅಷ್ಟೇ ಹೆಚ್ಚು. ೨೦೧೨ರ ಯಂತ್ರಕ್ಕೆ ತನಗಿಂತ ಕಿರಿಯದಾದ ಆ ಲಿಪಿಯ ಪರಿಚಯವಿರುವುದೆಂತು? ಪಾಪ, ಪ್ರೊಸೆಸರೊಂದೇ ಲೆಕ್ಕವನ್ನೆಲ್ಲ ಮಾಡಬೇಕಾಗಿತ್ತು. ಹುಡುಗ ತೆರೆದು ತೋರಿಸಿದ ಕಿಟಕಿಯಲ್ಲಿ ಅದರ ದುಡಿಮೆ ನೂರಕ್ಕೆ ನೂರು ಎಂದಿತ್ತು.

“ಹಾಗಾದರೆ ಅಂಗಡಿಯವನು ಹೇಳಿದ್ದೇ ನಿಜವಾಯಿತಲ್ಲ” ಎಂದರು ಮೇಷ್ಟರು.

“ಇಲ್ಲ ತಾತ. ಇದಕ್ಕೆ ಲೆಕ್ಕ ಬರುವುದಿಲ್ಲ ಎಂದಲ್ಲ. ಮಾತು ಓಡುವ ವೇಗದಲ್ಲಿ ಮಾಡು ಎಂದರೆ ಆಗುವುದಿಲ್ಲ. ಹೊತ್ತು ಕೊಟ್ಟರೆ ಮಾಡುತ್ತದೆ.”

ಮೇಷ್ಟರು ಈ ಮಾತು ಕೇಳಿ ಮಡದಿಯ ಕಡೆ ನೋಡಿದರು. ಊಟದ ಹೊತ್ತಿನಲ್ಲಿ ಎಷ್ಟೋ ಸಲ ಆಕೆ ‘ಏನೆಂದಿರಿ?’ ಎಂದು ಕೇಳಿದಾಗ ‘ಏನೂ ಇಲ್ಲ ಬಿಡು’ ಎಂದು ಕೈಯಾಡಿಸಿದ್ದುಂಟು. ಅದು ನೆನಪಾಗಿರಬೇಕು, ಈ ಸಲ ಎದುರಿಗೆ ಬಂದು ಕುಳಿತು, ಹುಡುಗ ಹೇಳಿದುದನ್ನೆಲ್ಲ ಬಿಡಿಬಿಡಿಯಾಗಿ ಆಕೆಗೆ ತಿಳಿಸಿದರು.

ಹುಡುಗ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡನು. ವಿಡಿಯೊವನ್ನು ಹಳೆಯ ಅಳತೆಗೆ, ಕ್ಷಣಕ್ಕೆ ಮೂವತ್ತು ಚಿತ್ರಕ್ಕೆ, ಹಳೆಯ ಲಿಪಿಗೆ ಪರಿವರ್ತಿಸಲು ಹಚ್ಚಿದನು. ಮೂಲವನ್ನು ಅಳಿಸದೆ ಹಾಗೆಯೇ ಇಟ್ಟನು. ನಾಲ್ಕು ನಿಮಿಷದ ವಿಡಿಯೊ. ಅರವತ್ತರ ಲೆಕ್ಕದಲ್ಲಿ ೧೪,೪೦೦ ಚಿತ್ರಗಳು. ಯಂತ್ರವು ಗುಂಯ್‌ಗುಡುತ್ತ ಕೆಲಸಕ್ಕೆ ಕುಳಿತಿತು. ಹುಡುಗ ಕಾಫಿ ಕುಡಿದು ಮನೆಗೆ ಹೋದನು. ದಂಪತಿಗಳು ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಪರದೆಯ ಮೇಲೆ ತೆವಳುವ ಗೆರೆಯನ್ನೇ ನೋಡುತ್ತ ಕುಳಿತರು. ಒಂದು ಗಂಟೆಯ ಮೇಲೆ ಗೆರೆ ಆಚೆಯ ತುದಿ ಮುಟ್ಟಿತು.

ಈಗ ಮಗಳು ತಡೆಯಿಲ್ಲದೆ ಮಾತನಾಡಿದಳು. ಕಣ್ಣೆವೆ ಮಿಟುಕಿದ್ದೂ ಕಂಡಿತು. ತಾಯಿ ಒಮ್ಮೆ ನೋಡಿದರು. ಎರಡನೆಯ ಸಲ ನೋಡಿದರು. ಮೂರನೆಯ ಸಲ ಒಂದು ಕಡೆ ನಿಲ್ಲಿಸಿ, ತುಸು ಹಿಂದಕ್ಕೆ ಹೋಗಿ, ಮತ್ತೆ ಅಲ್ಲಿಂದ ನೋಡಿದರು.

“ಬರಬೇಡ ಎಂದಳೆಂದು ಹೇಳಿದಿರಲ್ಲವೆ?”

“ಹೌದು. ಸ್ಪಷ್ಟವಾಗಿ ಅಂದಳಲ್ಲ. ದನಿಯಲ್ಲಿ ಯಾವ ಸಂಕೋಚವೂ ಇರಲಿಲ್ಲ.”

“ಅನ್ನುವುದಕ್ಕೆ ಮೊದಲು ಕೆಳತುಟಿ ಕಚ್ಚಿಕೊಂಡಳು. ಚಿಕ್ಕವಳಿದ್ದಾಗ, ಜಾತ್ರೆಯಲ್ಲಿ ಬೊಂಬೆ ಬೇಡ ಎನ್ನುವಾಗಲೂ ಹೀಗೇ ಮಾಡುತ್ತಿದ್ದಳು.”

ಮೇಷ್ಟರು ಪರದೆಯನ್ನು ದಿಟ್ಟಿಸಿದರು. ನಿಲ್ಲಿಸಿದ ಚಿತ್ರದಲ್ಲಿ ಮಗಳ ಹಲ್ಲು ತುಟಿಯ ಮೇಲಿತ್ತು. ಆ ಕ್ಷಣದಲ್ಲಿ ದನಿಯೇ ಇರಲಿಲ್ಲವಾಗಿ ಅವರಿಗೆ ಅದು ಕೇಳಿಸಿರಲೂ ಇಲ್ಲ.

ಮಡದಿ ಹೊದಿಕೆಯನ್ನು ಕೊಡವಿ ಕಂಪ್ಯೂಟರಿನ ಮೇಲೆ ಹಾಸುತ್ತ, “ಬೀರುವಿನಲ್ಲಿ ನನ್ನ ಪಾಸ್‌ಪೋರ್ಟ್ ಇರಬೇಕು. ಅದರ ಗಡುವು ಇನ್ನೂ ಎಷ್ಟಿದೆ, ನೋಡಿ ಹೇಳಿ” ಎಂದರು.

ಮೇಷ್ಟರು ಕನ್ನಡಕ ಹುಡುಕುತ್ತ ಎದ್ದರು.