ಗದ್ದಲದ ಗುಟ್ಟು

ಬಟ್ಟೆ ಒಗೆಯುವ ಯಂತ್ರ ಮನೆಗೆ ಬಂದ ದಿನ ನಾವು ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಕೈಮುಗಿದೆವು. ಯಂತ್ರಕ್ಕೂ ದೇವರು ಮೈಮೇಲೆ ಬಂದಂತಾಯಿತು! ಒಗೆಯುವಾಗ ಸುಮ್ಮನಿದ್ದದ್ದು, ಹಿಂಡುವ ಹೊತ್ತಿಗೆ ಧಡಧಡನೆ ನಡುಗಿ, ಗೋಡೆ ಬಿಟ್ಟು ಒಂದು ಮೊಳ ಮುಂದಕ್ಕೆ ಬರುತ್ತಿತ್ತು. ಹೊಸ ಯಂತ್ರ ಹೀಗೆಯೇ ಇರಬೇಕೆಂದು ನಾವು ಸಮಾಧಾನಪಟ್ಟುಕೊಂಡೆವು.

ಕೆಳಗಿನ ಮನೆಯವರಿಗೆ ಸಮಾಧಾನವೆಲ್ಲಿ? ಪುಣೆಯ ಈ ಕಟ್ಟಡದಲ್ಲಿ ಅವರದೂ ನಮ್ಮದೂ ಹದಿನೈದು ವರ್ಷದ ನೆರೆ. ಅಲ್ಲಿನ ಆಜೋಬಾ ಹೃದಯದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಗಷ್ಟೆ ಮನೆಗೆ ಬಂದಿದ್ದರು. ನಮಗೆ ನಲ್ಲಿಯಲ್ಲಿ ನೀರು ಬರುವುದು ನಸುಕಿನ ಐದಕ್ಕೆ. ಅವರಿಗೆ ಕಣ್ಣು ಹತ್ತುವುದೂ ಆಗಲೇ. ಆಜಿ ಒಂದು ಮಾತೂ ಆಡಲಿಲ್ಲ. ಆದರೆ ನಾವು ಹೋಳಿಗೆ ಕಳಿಸಿದ್ದ ಡಬ್ಬಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಬರಿದಾಗಿ ಹಿಂದಿರುಗಿತು. ಆ ಡಬ್ಬಿ ನಮ್ಮನ್ನು ಯಂತ್ರಕ್ಕಿಂತ ಹೆಚ್ಚಾಗಿ ನಡುಗಿಸಿತು.

ಯಂತ್ರದ ಕಾಲಿಗೆ ರಬ್ಬರು ಹಾಸಿದೆವು, ಗೋಣಿ ಮಡಿಸಿಟ್ಟೆವು. ಫಲವಿಲ್ಲ. ಕೊನೆಗೆ ಬಂದ ಮೆಕ್ಯಾನಿಕ್ ಹುಡುಗ ಅದರ ಬೆನ್ನು ನೋಡಿ ನಕ್ಕುಬಿಟ್ಟ. "ಕಾಕಾ, ಸಾಗಣೆಯ ಬೋಲ್ಟುಗಳನ್ನು ಬಿಚ್ಚಿಯೇ ಇಲ್ಲವಲ್ಲ!" ತಂದವರು ಬಿಚ್ಚಲಿಲ್ಲ, ನಾವು ಕೈಪಿಡಿ ಓದಲಿಲ್ಲ.

ಒಳಗಿನ ತೊಟ್ಟಿಯನ್ನು ಸ್ಪ್ರಿಂಗುಗಳಿಂದ ತೂಗುಹಾಕಿರುತ್ತಾರೆ. ಅಲುಗಾಟ ಮಿತಿಮೀರದಂತೆ ಡ್ಯಾಂಪರುಗಳು. ಸುಲಭಕ್ಕೆ ಕದಲದಂತೆ ಕಾಂಕ್ರೀಟಿನ ತೂಕ. ದಾರಿಯಲ್ಲಿ ಕುಲುಕಿ ಕೆಡಬಾರದೆಂದು ಬೋಲ್ಟು ಬಿಗಿದು ಕಳಿಸುತ್ತಾರೆ. ಒದ್ದೆ ಬಟ್ಟೆ ಒಂದು ಮಗ್ಗುಲಿಗೆ ಅರ್ಧ ಕಿಲೋ ಹೆಚ್ಚಾದರೆ ಸಾಕು, ನಿಮಿಷಕ್ಕೆ 1200 ಸುತ್ತು ತಿರುಗುವಾಗ ಅದರ ಸೆಳೆತ ಸುಮಾರು 200 ಕಿಲೋ ಭಾರಕ್ಕೆ ಸಮ. ತೊಟ್ಟಿ ತೂಗಾಡಲು ಬಿಟ್ಟರೆ ಅದರ ಬಹುಪಾಲು ಒಳಗೇ ಅಡಗುತ್ತದೆ. ಬಿಗಿದರೆ ನೆಲಕ್ಕಿಳಿದು ಕೆಳಮನೆಯ ಸೂರನ್ನು ಗುದ್ದುತ್ತದೆ.

ದೊಡ್ಡ ಎಂಜಿನಿಯರುಗಳೂ ಈ ಗುಟ್ಟು ಬಲ್ಲರು. ತೈಪೆ ನಗರದಲ್ಲಿ 2004ರಲ್ಲಿ ಮುಗಿದ 508 ಮೀಟರು ಎತ್ತರದ ಗೋಪುರದೊಳಗೆ 660 ಟನ್ನಿನ ಉಕ್ಕಿನ ಗುಂಡನ್ನು ತೂಗುಹಾಕಿದ್ದಾರೆ. ಬಿರುಗಾಳಿ ಬೀಸಿದಾಗ ಗುಂಡು ತೂಗಾಡಿ ಕಟ್ಟಡದ ತೂಗಾಟವನ್ನು ತಗ್ಗಿಸುತ್ತದೆ. ಒಳಗೊಂದಿಷ್ಟು ಅಲುಗಾಟಕ್ಕೆ ಎಡೆಯಿದ್ದರೆ ಹೊರಗೆ ಶಾಂತಿ!

ನಾಲ್ಕು ಬೋಲ್ಟುಗಳನ್ನು ಕಾಗದದಲ್ಲಿ ಸುತ್ತಿ, ಅದೇ ಡಬ್ಬಿಯಲ್ಲಿಟ್ಟುಕೊಂಡು ಕೆಳಗಿಳಿದೆವು, ತಪ್ಪೊಪ್ಪಿಕೊಂಡೆವು. ಆಜೋಬಾ ಒಂದನ್ನು ಕೈಯಲ್ಲಿ ತಿರುಗಿಸಿ ನೋಡಿ, ಎದೆ ಹಿಡಿದುಕೊಂಡೇ ನಕ್ಕರು. ಮರುದಿನ ಅವರು ಏಳು ಗಂಟೆಯವರೆಗೆ ಮಲಗಿದರಂತೆ. ಸಂಜೆ ಡಬ್ಬಿ ಬಂತು. ಒಳಗೆ ನಮ್ಮ ಬೋಲ್ಟುಗಳು; ಅವುಗಳ ಪಕ್ಕದಲ್ಲಿ ಶಂಕರಪಾಳಿ.