ಬಾಪ ಹೇಳದೆ ಇಟ್ಟುಕೊಂಡ ಮಾತು

ಬಾಪನಿಗೆ ಡಯಾಲಿಸಿಸ್ ಶುರುವಾಗಿ ಎರಡು ವರ್ಷ. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಉಪ್ಪಳದಿಂದ ಹೊರಟು ತಲಪಾಡಿ ದಾಟಿ ಮಂಗಳೂರಿಗೆ. ಅಷ್ಟು ಹೊತ್ತು ಅಂಗಡಿ ತಮ್ಮನ ಮೇಲೆ. ಈಚೆಗೆ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರುತ್ತಲೇ ಇತ್ತು. ಉಮ್ಮ ತರಕಾರಿ ಬೇಯಿಸಿ ನೀರು ಬಸಿದೇ ಕೊಡುತ್ತಿದ್ದರು. ಎಳನೀರು, ಬಾಳೆಹಣ್ಣು ಮನೆಯೊಳಗೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕದ್ದು ತಿನ್ನುತ್ತಾರೆ ಎಂದುಕೊಂಡು ನಾನೇ ಒಮ್ಮೆ ಬಾಪನಿಗೆ ಜೋರು ಮಾಡಿದೆ.

ಡಾಕ್ಟರ್ ಕೇಳಿದ್ದು ಬೇರೆಯೇ: "ಹೊಟ್ಟೆ ದಿನಾ ಸರಿಯಾಗಿ ಹೋಗ್ತದಾ?" ಬಾಪ ತಲೆ ತಗ್ಗಿಸಿದರು. ನಾಲ್ಕೈದು ದಿನಕ್ಕೊಮ್ಮೆಯಂತೆ, ತಿಂಗಳುಗಳಿಂದ. ಮಗನ ಎದುರು ಹೇಗೆ ಹೇಳುವುದು ಎಂದು ನಾಚಿಕೆ.

ಕಿಡ್ನಿ ಕೈಬಿಟ್ಟಾಗ ಪೊಟ್ಯಾಸಿಯಂನ ಒಂದು ಪಾಲು ಕರುಳಿನ ಮೂಲಕ ಹೊರಗೆ ಹೋಗುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು. ನಾನು ಡಿಪ್ಲೊಮಾದಲ್ಲಿ ಕಲಿತದ್ದು ಪಂಪು, ಫಿಲ್ಟರ್. ಇಲ್ಲಿಯೂ ಫಿಲ್ಟರನ್ನೇ ನೋಡುತ್ತಿದ್ದೆ, ಕಸ ಎಲ್ಲಿಂದ ಬರುತ್ತದೆ ಎಂದು ನೋಡಿರಲಿಲ್ಲ.

ಕರುಳಿನ ಬ್ಯಾಕ್ಟೀರಿಯಾಗಳಿಗೆ ನಾರು ಸಿಕ್ಕರೆ ಅದನ್ನು ತಿಂದು ಬದುಕುತ್ತವೆ. ನಾರು ಸಿಗದೆ, ತಿಂದದ್ದು ಅಲ್ಲೇ ನಿಂತರೆ, ಮೀನು-ಮಾಂಸದ ಪ್ರೋಟೀನನ್ನು ಕೊಳೆಸಿ ಇಂಡೋಲ್, ಪಿ-ಕ್ರೆಸಾಲ್ ಎಂಬವನ್ನು ಮಾಡುತ್ತವೆ. ಲಿವರ್ ಇವನ್ನು ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಆಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಒಳ್ಳೆಯ ಕಿಡ್ನಿ ಹೊರಹಾಕುತ್ತದೆ. ಡಯಾಲಿಸಿಸ್ ಯಂತ್ರಕ್ಕೆ ಅದು ಕಷ್ಟ, ಯಾಕೆಂದರೆ ಇವು ರಕ್ತದ ಅಲ್ಬುಮಿನ್‌ಗೆ ಅಂಟಿಕೊಂಡಿರುತ್ತವೆ. ಅಲ್ಬುಮಿನ್ ಆ ಜಾಲರಿಯಲ್ಲಿ ದಾಟುವುದಿಲ್ಲ. ಇನ್ನೊಂದು ಕಡೆ ರಕ್ತದಲ್ಲಿ ಹೆಚ್ಚಾದ ಯೂರಿಯಾ ಕರುಳಿಗೆ ಇಳಿಯುತ್ತದೆ, ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ, ಕರುಳಿನ ಒಳಪದರ ಸಡಿಲಾಗುತ್ತದೆ. ಕಿಡ್ನಿ ಕರುಳನ್ನು ಕೆಡಿಸುತ್ತದೆ, ಕರುಳು ಕಿಡ್ನಿಯನ್ನು.

ಪೊಟ್ಯಾಸಿಯಂ ಹೆದರಿಕೆಯಲ್ಲಿ ನಾವು ಹಣ್ಣು-ತರಕಾರಿ ಕಡಿಮೆ ಮಾಡಿದಾಗ ನಾರೂ ಹೋಯಿತು. ಫಾಸ್ಫರಸ್ ಮಾತ್ರೆ, ಕಬ್ಬಿಣದ ಮಾತ್ರೆ, ನೀರಿನ ಮಿತಿ ಸೇರಿ ಹೊಟ್ಟೆ ಕಟ್ಟಿತು.

ಸುದ್ದಿ ತಿಳಿದ ನೆರೆಯವರು ಪ್ರೀತಿಯಿಂದ ಒಂದು ಚೀಲ ದಾರೆಹುಳಿ ತಂದುಕೊಟ್ಟರು, ಹೊಟ್ಟೆಗೆ ಒಳ್ಳೆಯದೆಂದು. ಇದನ್ನು ದಯವಿಟ್ಟು ಮನೆಯಲ್ಲಿ ಹೇಳಿ: ಕಿಡ್ನಿ ರೋಗಿಗೆ ದಾರೆಹುಳಿ ವಿಷ. ಬಿಕ್ಕಳಿಕೆ, ಮಂಪರು, ಫಿಟ್ಸ್, ಜೀವವೇ ಹೋದದ್ದುಂಟು.

ಜಪಾನಿನಲ್ಲಿ ಈ ಕಸ ಹೀರಲು ಇದ್ದಿಲಿನ ಔಷಧಿ 1991ರಿಂದ ಇದೆ. ಆದರೆ 2015ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಗಳಲ್ಲಿ ಅದರಿಂದ ರೋಗ ನಿಧಾನವಾದದ್ದು ಕಾಣಲಿಲ್ಲ. ಹಾಗಾಗಿ ದುಬಾರಿ ಪ್ರೋಬಯಾಟಿಕ್ ಡಬ್ಬಿಯನ್ನು ನಾನು ಕೊಂಡಿಲ್ಲ. ಡಾಕ್ಟರ್ ಮಾತ್ರೆ ಬದಲಿಸಿ, ಒಂದು ಸಿರಪ್ ಬರೆದರು. ಡಯಟಿಷಿಯನ್ ಹೇಳಿದ ಅಳತೆಯಲ್ಲಿ ಬಸಿದ ತೊಂಡೆಕಾಯಿ, ಒಂದು ಸಣ್ಣ ಸೇಬು ಮತ್ತೆ ಬಟ್ಟಲಿಗೆ ಬಂದವು.

ಜೋರು ಮಾಡಿದ್ದಕ್ಕೆ ಮಾಫಿ ಕೇಳಿದೆ. ಬಾಪ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಬಚ್ಚಲಿನಿಂದ ಹೊರಗೆ ಬಂದು, "ಇವತ್ತು ಆಯ್ತು" ಎಂದರು.